ಬ್ಲಾಕ್ ಎತ್ತಿಡುವ ಹೊತ್ತು

ಶಿಶುವಿಹಾರದಲ್ಲಿ ಕಥೆ ಹೇಳುವುದು, ಹಾಡಿಸುವುದು, ಬಣ್ಣ ಹಚ್ಚಿಸುವುದು ನನಗೆ ಯಾವತ್ತೂ ಕಷ್ಟ ಅನ್ನಿಸಿಲ್ಲ. ಕಥೆ ಶುರುವಾದರೆ ಮಕ್ಕಳು ಕಣ್ಣು ಮಿಟುಕಿಸದೆ ಕೂರುತ್ತಾರೆ. ಅಳು, ಜಗಳ, ತಳ್ಳಾಟ ಎಲ್ಲಾ ಶುರುವಾಗುವುದು ಒಂದು ಕೆಲಸ ಮುಗಿದು ಇನ್ನೊಂದು ಶುರುವಾಗುವ ನಡುವೆ. ಆಟ ಬಿಟ್ಟು ಕೈ ತೊಳೆಯಬೇಕು, ಶೂ ಹಾಕಿಕೊಂಡು ಹೊರಗೆ ಹೋಗಬೇಕು ಅಂದಾಗ. ನಾನು ಜಾಸ್ತಿ ತಲೆ ಓಡಿಸುವುದು ಈ ಹೊತ್ತಿಗೇ.

ಮೊದಲನೆಯದು ಬೆಳಿಗ್ಗೆ ಬಾಗಿಲಲ್ಲಿ. ಮಗು ಆ ಕಡೆ ತಿರುಗಿದಾಗ ಸುಮ್ನೆ ಜಾರಿಕೊಳ್ಳುವ ಅಪ್ಪ ಅಮ್ಮಂದಿರು ತುಂಬಾ ಜನ. ನಾನು ಬೇಡ ಅನ್ನುತ್ತೇನೆ. ಹಾಗೆ ಹೋದರೆ ಮಗು ಮರುದಿನ ಸೆರಗು ಬಿಡುವುದೇ ಇಲ್ಲ, ಯಾವಾಗ ಮಾಯವಾಗುತ್ತಾರೋ ಎಂಬ ಭಯ. ಒಂದು ಮುತ್ತು ಕೊಡಿ, ಟಾಟಾ ಮಾಡಿ, ಹೊರಡಿ. ದಿನಾ ಅದೇ ರೀತಿ. ‘ಹನ್ನೆರಡು ಗಂಟೆಗೆ ಬರ್ತೀನಿ’ ಅಂದರೆ ಮಗುವಿಗೆ ಏನೂ ಗೊತ್ತಾಗುವುದಿಲ್ಲ. ‘ಕಥೆ ಮುಗಿದ ಮೇಲೆ ಬರ್ತೀನಿ’ ಅಂದರೆ ಗೊತ್ತಾಗುತ್ತದೆ. ಒಳಗೆ ಬಂದ ಮೇಲೆ ನಾನು ‘ಅಳಬೇಡ’ ಅನ್ನುವುದಿಲ್ಲ. ಕೈಗೊಂದು ಕೆಲಸ ಕೊಡುತ್ತೇನೆ. ಗಿಡಕ್ಕೆ ನೀರು ಹಾಕುತ್ತಾ ಬಿಕ್ಕಳಿಸುವ ಮಗು ಸ್ವಲ್ಪ ಹೊತ್ತಿಗೆ ನೀರಿನ ಕಡೆಗೇ ನೋಡುತ್ತಿರುತ್ತದೆ.

ಬ್ಲಾಕ್ ಎತ್ತಿಡುವುದು ಇದಕ್ಕಿಂತ ಕಷ್ಟ. ‘ಇನ್ನು ಐದು ನಿಮಿಷ’ ಅನ್ನುವ ಮಾತಿಗೆ ನಾಲ್ಕು ವರ್ಷದವರ ಹತ್ತಿರ ಬೆಲೆ ಇಲ್ಲ. ಕಣ್ಣಿಗೆ ಕಾಣುವ ಮರಳು ಗಡಿಯಾರಕ್ಕೆ ಇದೆ. ಅದನ್ನು ತಿರುಗಿಸಿಟ್ಟು ನೆಲದ ಮೇಲೆ ಅವರ ಜೊತೆ ಕೂರುತ್ತೇನೆ. 1840ರಲ್ಲಿ ಜರ್ಮನಿಯಲ್ಲಿ ಕಿಂಡರ್‌ಗಾರ್ಟನ್ ಅನ್ನುವ ಹೆಸರು ಕೊಟ್ಟ ಫ್ರೆಡ್ರಿಕ್ ಫ್ರೋಬೆಲ್ ಮಕ್ಕಳಿಗೆ ಎಂಟು ಪುಟ್ಟ ಘನಗಳ ಒಂದು ಪೆಟ್ಟಿಗೆ ಮಾಡಿದ್ದರು. ಎಂಟೂ ಸೇರಿದರೆ ಒಂದು ದೊಡ್ಡ ಘನ. ಆಟ ಮುಗಿದ ಮೇಲೆ ಅದನ್ನು ಮತ್ತೆ ಜೋಡಿಸಿ ಪೆಟ್ಟಿಗೆಗೆ ಇಡಬೇಕು. ಎತ್ತಿಡುವುದೂ ಆಟವೇ ಅನ್ನುವ ಆ ಯೋಚನೆ ನನಗೆ ತುಂಬಾ ಇಷ್ಟ. ಅದಕ್ಕೇ ನಮ್ಮ ಕಪಾಟಿನ ಪ್ರತಿ ಅಂಕಣದಲ್ಲೂ ಆಯಾ ಬ್ಲಾಕಿನ ಆಕಾರ ಬರೆದು ಅಂಟಿಸಿದ್ದೇನೆ. ಮಕ್ಕಳು ಆಕಾರಕ್ಕೆ ಆಕಾರ ಹೊಂದಿಸುತ್ತಾ ಎತ್ತಿಡುತ್ತಾರೆ.

ಒಬ್ಬ ಹುಡುಗ ಸೇತುವೆ ಕಟ್ಟಿ, ಅದರ ಮುಂದೆ ಕೈ ಅಗಲಿಸಿ ನಿಂತುಬಿಟ್ಟಿದ್ದ. ‘ಕಾರು ಇನ್ನೂ ದಾಟಿಲ್ಲ ಮಿಸ್.’ ನಿಜ, ಕಾರು ಆ ಕಡೆಯೇ ಇತ್ತು. ಸೇತುವೆಯ ಪಕ್ಕ ಅವನ ಹೆಸರಿನ ಚೀಟಿ ಇಟ್ಟೆವು. ಮರುದಿನದವರೆಗೂ ಅದನ್ನು ಯಾರೂ ಮುಟ್ಟಲಿಲ್ಲ. ದೊಡ್ಡವರ ಅರ್ಧ ಕೆಲಸವನ್ನು ಯಾರಾದರೂ ಕೆಡವಿದರೆ ಸುಮ್ಮನಿರುತ್ತೇವಾ?

ಹೇಳುವ ರೀತಿಯೂ ಮುಖ್ಯ. ಮೊದಲು ಹೆಸರು ಕರೆದು, ಕಣ್ಣು ಸೇರಿದ ಮೇಲೆ ಒಂದೇ ಒಂದು ಮಾತು. ‘ಓಡಬೇಡ’ ಅನ್ನುವುದಕ್ಕಿಂತ ‘ನಡೆದು ಬಾ’ ಅಂದರೆ ಏನು ಮಾಡಬೇಕು ಅಂತ ಮಗುವಿಗೆ ತಿಳಿಯುತ್ತದೆ.

ಇನ್ನು ಶೂ. ಎಡ ಯಾವುದು, ಬಲ ಯಾವುದು ಅನ್ನುವುದು ದಿನದ ಗೊಂದಲ. ನಾನು ಒಂದು ಚಿಟ್ಟೆಯ ಸ್ಟಿಕರನ್ನು ನಡುವೆ ಕತ್ತರಿಸಿ, ಎರಡೂ ಶೂಗಳ ಒಳಗೆ ಅರ್ಧರ್ಧ ಅಂಟಿಸುತ್ತೇನೆ. ಪಕ್ಕ ಪಕ್ಕ ಇಟ್ಟಾಗ ಚಿಟ್ಟೆ ಪೂರ್ತಿಯಾದರೆ ಶೂ ಸರಿ ಇದೆ. ನಾನೇ ಹಾಕಿಕೊಟ್ಟರೆ ಬೇಗ ಆಗುತ್ತದೆ, ನಿಜ. ಆದರೆ ‘ನಾನೇ, ನಾನೇ’ ಅಂತ ನಾಲಿಗೆ ಹೊರಗೆ ಹಾಕಿ ಹಿಮ್ಮಡಿ ತುರುಕುವ ಮಗುವಿನ ಕೈಯಿಂದ ಆ ಕೆಲಸ ಕಿತ್ತುಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ. ಬಾಗಿಲಲ್ಲಿ ಕಾಯುವವರಿಗೂ ಇದನ್ನೇ ಹೇಳುತ್ತೇನೆ: ಸ್ವಲ್ಪ ತಡೆಯಿರಿ, ಹಾಕಿಕೊಳ್ತಾಳೆ.

ನನಗೆ ಅತಿ ಖುಷಿ ಕೊಡುವುದು ಮಕ್ಕಳ ಗೊಣಗಾಟ. ‘ಮೊದಲು ಚಿಟ್ಟೆ... ಆಮೇಲೆ ಕಾಲು... ಆಮೇಲೆ ಪಟ್ಟಿ ಎಳಿ’ ಅಂತ ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಮಗು ಹೀಗೆ ಮಾತಾಡಿಕೊಳ್ಳುತ್ತಲೇ ತನ್ನ ಕೆಲಸವನ್ನು ತಾನೇ ನಡೆಸಲು ಕಲಿಯುತ್ತದೆ, ಮುಂದೆ ಅದೇ ಮಾತು ಮನಸ್ಸಿನೊಳಗೆ ಇಳಿಯುತ್ತದೆ ಎಂದು ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್ಸ್ಕಿ ಹೇಳಿದ್ದರು. ಹಾಗಾಗಿ ಆ ಹೊತ್ತಿಗೆ ‘ಗಲಾಟೆ ಬೇಡ’ ಅಂತ ನಾನು ತಡೆಯುವುದಿಲ್ಲ. ಈಗ ಜಿಪ್ ಹಾಕುವುದಕ್ಕೂ ಇಂಥದ್ದೊಂದು ಸಾಲು ಕಟ್ಟುತ್ತಿದ್ದೇನೆ. ಕೆಳಗಿನ ತುದಿ ಸೇರಿಸುವುದೇ ಅವರಿಗೆ ಕಷ್ಟ, ಅಲ್ಲಿಂದಲೇ ಶುರು ಮಾಡಬೇಕು.