ಹೂವು ಜೋಡಿಸೋಕೆ ಕಿಟ್ ಬೇಡ, ಒಂದು ಕತ್ತರಿ ತಗೊಳ್ಳಿ

ಹೋದ ತಿಂಗಳು ನಮ್ಮಕ್ಕನ ಮೊಮ್ಮಗಳು ಹಾಸನದಿಂದ ಫೋನ್ ಮಾಡಿದ್ದಳು. "ಅಜ್ಜಿ, ಹೂವು ಜೋಡಿಸೋದು ಕಲೀಬೇಕು, ಒಂದು ಕಿಟ್ ನೋಡಿದ್ದೀನಿ, ತರಿಸಲಾ?" ಬೇಡ ಕಣೇ ಅಂದೆ. ಅದರಲ್ಲಿ ಬರೋ ಸಾಮಾನು ಮುಕ್ಕಾಲು ಪಾಲು ಡಬ್ಬಿಯಲ್ಲೇ ಉಳಿಯುತ್ತೆ. ಒಂದು ಒಳ್ಳೆ ಕತ್ತರಿ ತಗೋ, ಮಿಕ್ಕಿದ್ದು ನಿಮ್ಮಮ್ಮನ ಅಡುಗೆಮನೆಯಲ್ಲೇ ಇದೆ.

ಕತ್ತರಿ ಅಂದರೆ ಬಟ್ಟೆ ಕತ್ತರಿಸೋದಲ್ಲ. ನಮ್ಮ ಚಿಕ್ಕಮಗಳೂರು ಕಡೆ ತೋಟದಲ್ಲಿ ಕಾಫಿ ಗಿಡದ ರೆಂಬೆ ಸವರೋಕೆ ಹಿಡಿಯುತ್ತಾರಲ್ಲ, ಒಂದು ಅಲಗು ಇನ್ನೊಂದನ್ನು ಸವರಿಕೊಂಡು ಹೋಗುವಂಥದ್ದು, ಅದರ ಸಣ್ಣ ಸೈಜು ಸಾಕು. ಮನೆ ಕತ್ತರಿ ದಂಟನ್ನು ಕತ್ತರಿಸುವುದಕ್ಕಿಂತ ಜಾಸ್ತಿ ಜಜ್ಜುತ್ತೆ. ದಂಟಿನೊಳಗೆ ನೀರು ಹತ್ತುವ ಸಣ್ಣ ನಾಳಗಳಿರುತ್ತವೆ, ಅವು ಚಪ್ಪಟೆಯಾದರೆ ಹೂದಾನಿ ತುಂಬ ನೀರಿದ್ದರೂ ಹೂವು ತಲೆ ಬಾಗಿಸುತ್ತೆ. ಓರೆಯಾಗಿ ಕತ್ತರಿಸಿ. ನೇರವಾಗಿ ಕತ್ತರಿಸಿದರೆ ದಂಟು ಪಾತ್ರೆಯ ತಳಕ್ಕೆ ಒತ್ತಿಕೊಂಡು ಕೂತು ನೀರು ಕುಡಿಯೋ ಬಾಯೇ ಮುಚ್ಚಿಹೋಗುತ್ತೆ. ಕೆಲಸ ಆದಮೇಲೆ ಅಲಗು ಒರೆಸಿ ಒಂದು ಹನಿ ಹೊಲಿಗೆ ಮೆಷಿನ್ ಎಣ್ಣೆ ಬಿಡಿ. ಕೊಬ್ಬರಿ ಎಣ್ಣೆ ಬೇಡ, ಅಂಟು ಹಿಡಿಯುತ್ತೆ.

ಎರಡನೆಯದು ಬಕೆಟ್. ನಗಬೇಡಿ! ಬಿಸಿಲೇರುವ ಮುಂಚೆ ಕೊಯ್ದ ಹೂವನ್ನು ಕತ್ತಿನವರೆಗೆ ನೀರಲ್ಲಿ ಮುಳುಗಿಸಿ ಎರಡು ಮೂರು ಗಂಟೆ ನೆರಳಲ್ಲಿಟ್ಟರೆ ಆಮೇಲೆ ಎಷ್ಟು ದಿನ ಬಾಳುತ್ತೆ ಅನ್ನೋದನ್ನ ನೀವೇ ನೋಡಿ.

ಇನ್ನು ಹೂವು ನಿಲ್ಲಿಸೋದು. ಹೊಸಬರು ಸೋಲೋದು ಇಲ್ಲೇ. ಅಂಗಡಿಯಲ್ಲಿ ಹಸಿರು ಸ್ಪಂಜು ಸಿಗುತ್ತೆ, ಓಯಸಿಸ್ ಅಂತಾರೆ. ಮನೆಯಲ್ಲಿ ಸತ್ಯನಾರಾಯಣ ಪೂಜೆ ಇದ್ದಾಗ ಮೊದಲ ಸಲ ತಂದಿದ್ದೆ. ಅವಸರಕ್ಕೆ ಅದನ್ನು ನೀರಿನೊಳಗೆ ಒತ್ತಿ ಹಿಡಿದುಬಿಟ್ಟೆ. ಮೇಲೆಲ್ಲ ಒದ್ದೆ, ಒಳಗೆ ಒಣಕಲು. ನೆಂಟರು ಊಟಕ್ಕೆ ಕೂರೋ ಹೊತ್ತಿಗೆ ಗುಲಾಬಿಯೆಲ್ಲ ಸೋತು ಜೋತುಬಿದ್ದಿದ್ದವು. ಅದನ್ನು ನೀರಿನ ಮೇಲೆ ತೇಲಿಬಿಟ್ಟು ತಾನಾಗೇ ಮುಳುಗೋಕೆ ಬಿಡಬೇಕಂತೆ, ಆಮೇಲೆ ಗೊತ್ತಾಯ್ತು. ಈಗ ತರೋದೇ ಇಲ್ಲ, ಅದು ಒಂದು ಥರ ಪ್ಲಾಸ್ಟಿಕ್ಕೇ, ಮಣ್ಣಲ್ಲಿ ಕರಗಲ್ಲ, ಗೊಬ್ಬರದ ಗುಂಡಿಗೆ ಹಾಕೋ ಹಾಗಿಲ್ಲ.

ನನ್ನ ಸ್ಪಂಜು ಬಾಳೆದಿಂಡು. ಗೊನೆ ಕಡಿದಮೇಲೆ ಹೇಗಿದ್ದರೂ ಹಿತ್ತಲಲ್ಲಿ ಬಿದ್ದಿರುತ್ತೆ. ನಾಲ್ಕು ಬೆರಳು ದಪ್ಪಕ್ಕೆ ಬಿಲ್ಲೆ ಕೊಯ್ದು ಅಗಲ ತಟ್ಟೆಯಲ್ಲಿಡಿ, ಅಗರಬತ್ತಿ ಕಡ್ಡಿಯಿಂದ ತೂತು ಮಾಡಿ ದಂಟು ಸಿಕ್ಕಿಸಿ. ಅದರಲ್ಲೇ ನೀರಿರುತ್ತೆ, ಎರಡು ದಿನಕ್ಕೆ ಮೋಸವಿಲ್ಲ, ಮೂರನೇ ದಿನ ಕಪ್ಪಾಗಿ ವಾಸನೆ ಶುರು. ಬಾಳೆ ಕರೆ ಬಟ್ಟೆಗೆ ತಾಗಿದರೆ ಹೋಗಲ್ಲ, ಹಳೇ ಸೀರೆ ಉಟ್ಟುಕೊಂಡು ಕೂತ್ಕೊಳ್ಳಿ.

ಕಲಿಯೋ ಹುಮ್ಮಸ್ಸು ಹಾಗೇ ಉಳಿದರೆ ಕೆಂಜಾನ್ ತಗೊಳ್ಳಿ. ಜಪಾನಿನವರು ಇಕೆಬಾನಕ್ಕೆ, ಅಂದರೆ ಅವರ ಹೂವು ಜೋಡಿಸೋ ಕಲೆಗೆ ಬಳಸೋದು, ಭಾರದ ಬಿಲ್ಲೆ ಮೇಲೆ ಹಿತ್ತಾಳೆ ಮುಳ್ಳು ಒತ್ತಾಗಿ ನಿಂತಿರುತ್ತವೆ. 3 ಇಂಚಿನದು ಸಾಕು, ವರ್ಷಗಟ್ಟಲೆ ಬಾಳುತ್ತೆ. ತಳ ಹೆಚ್ಚಾಗಿ ಸೀಸದ್ದು, ಅದಕ್ಕೆ ಊಟದ ಪಾತ್ರೆಯಲ್ಲಿ ಇಡಬೇಡಿ.

ಹೂದಾನಿ ಕೊಳ್ಳೋದೇ ಬೇಡ. ಹಿತ್ತಾಳೆ ಚೊಂಬು, ಬಾಯಿ ಒಡೆದ ಉಪ್ಪಿನಕಾಯಿ ಭರಣಿ, ಯಾವುದಾದರೂ ಸರಿ. ನೀರಿಗೆ ಮುಳುಗೋ ಎಲೆ ಕಿತ್ತುಹಾಕಿ, ಇಲ್ಲದಿದ್ದರೆ ಕೊಳೆಯುತ್ತೆ. ದಿನ ಬಿಟ್ಟು ದಿನ ನೀರು ಬದಲಾಯಿಸಿ, ಹಾಗೇ ದಂಟನ್ನು ಅರ್ಧ ಇಂಚು ಕತ್ತರಿಸಿ. ಸಕ್ಕರೆ ಹಾಕಿ ಅಂತ ಹೇಳೋರಿದ್ದಾರೆ, ಬರೀ ಸಕ್ಕರೆ ಹಾಕಿದರೆ ನೀರು ಬೇಗ ಹಾಳಾಗುತ್ತೆ ಅಷ್ಟೇ.

ಡೇರೆ ಹೂವನ್ನು (ಡೇಲಿಯ) ಪೂರ್ತಿ ಅರಳಿದ ಮೇಲೇ ಕೊಯ್ಯಿರಿ, ಮೊಗ್ಗು ಕೊಯ್ದರೆ ಅರಳಲ್ಲ. ಗ್ಲಾಡಿಯೋಲಸ್ ಉಲ್ಟಾ, ಕೆಳಗಿನ ಒಂದೆರಡು ಬಣ್ಣ ತೋರಿಸಿದರೆ ಸಾಕು. ಹೈಡ್ರಾಂಜಿಯ ಸೊರಗಿದರೆ ಬಿಸಾಡಬೇಡಿ, ಇಡೀ ಗೊಂಚಲನ್ನೇ ತಣ್ಣೀರಲ್ಲಿ ಅರ್ಧ ಗಂಟೆ ಮುಳುಗಿಸಿಡಿ, ಎಷ್ಟೋ ಸಲ ಎದ್ದು ಕೂರುತ್ತೆ.

ಮೊನ್ನೆ ಹುಡುಗಿ ಫೋಟೋ ಕಳಿಸಿದ್ದಳು. ಚೊಂಬಲ್ಲಿ ಮೂರು ಡೇರೆ, ಒಂದು ಜರಿ ಎಲೆ, ಚೆಂದವೇ ಇತ್ತು. ಪಕ್ಕದಲ್ಲೇ ಒಂದು ಚಿಪ್ಪು ಪುಟ್ಟಬಾಳೆ ಹಣ್ಣು. ಹಣ್ಣಾಗೋ ಬಾಳೆಯಿಂದ ಬರೋ ಗಾಳಿಗೆ ಹೂವು ಬೇಗ ಮುದಿಯಾಗುತ್ತೆ, ಮೊದಲು ಆ ಚಿಪ್ಪು ಎತ್ತಿ ಒಳಗಿಡು ಅಂದೆ.