ಕಾಂಪೌಂಡ್ ಬುಡದ ನೇರಳೆ ಹೂವು ಸಹದೇವಿಯೇ?

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಖಾಲಿ ಸೈಟು, ಚರಂಡಿ ಅಂಚು, ಕಾಂಪೌಂಡ್ ಬುಡ, ರಾಗಿ ಹೊಲದ ಬದು, ಎಲ್ಲಿ ಬಗ್ಗಿ ನೋಡಿದರೂ ಕಡಲೆಕಾಳಿನಷ್ಟೇ ದಪ್ಪದ ನೇರಳೆ ಹೂವಿನ ಕಳೆಯೊಂದು ಕಾಣುತ್ತದೆ. ಅದು ಕಷಾಯಕ್ಕೆಂದು ಕೀಳುವ ಸಹದೇವಿ ಇರಬಹುದು. ಆದರೆ ಬಣ್ಣ ನೋಡಿ ಹೆಸರಿಡಬೇಡಿ. ಹೆಚ್ಚುಕಡಿಮೆ ಅದೇ ಬಣ್ಣದ ಅಜೆರಾಟಮ್ (ಕೆಲವೆಡೆ ಊರಾಲಗಿಡ) ಮತ್ತು ಎಮಿಲಿಯಾ ಕೂಡ ಇಂಥ ಜಾಗದಲ್ಲೇ ಹುಟ್ಟುತ್ತವೆ.

ಮೊದಲು ಕಾಂಡದ ನಡುಭಾಗ ನೋಡಿ. ಸಹದೇವಿಗೆ ಒಂದು ಗೆಣ್ಣಿಗೆ ಒಂದೇ ಎಲೆ, ಒಂದು ಈ ಕಡೆ, ಮುಂದಿನದು ಆ ಕಡೆ. ಅಜೆರಾಟಮ್‌ಗೆ ಎದುರುಬದುರು ಜೋಡಿ ಎಲೆ. ಉಜ್ಜಿದರೆ ಗಾಟು ವಾಸನೆ. ಎಡವುವುದು ಇಲ್ಲೇ: ಅಜೆರಾಟಮ್‌ನ ತುದಿಯ ಎಲೆಗಳು ಕೆಲವೊಮ್ಮೆ ಜೋಡಿ ತಪ್ಪಿರುತ್ತವೆ. ಹಾಗಾಗಿ ತುದಿ ನೋಡಿ ನಿರ್ಧರಿಸಬಾರದು.

ಎಮಿಲಿಯಾದ್ದೂ ಬಿಡಿ ಎಲೆಯೇ. ಆದರೆ ಅದರ ಮೇಲಿನ ಎಲೆಗಳ ಬುಡ ಕಾಂಡವನ್ನು ತಬ್ಬಿಕೊಂಡಿರುತ್ತದೆ. ಸಹದೇವಿಯ ಕೆಳಗಿನ ಎಲೆಗೆ ತೊಟ್ಟಿದೆ, ಮೇಲೆ ಹೋದಂತೆ ಎಲೆ ಸಣ್ಣದಾಗಿ ತೊಟ್ಟು ಮಾಯವಾಗುತ್ತದೆ.

ಅನುಮಾನ ಉಳಿದರೆ ಹೂವನ್ನು ಪಕ್ಕದಿಂದ ನೋಡಿ, ಲೆನ್ಸ್ ಇದ್ದರೆ ಒಳ್ಳೆಯದು. ಎಮಿಲಿಯಾದ ಹೂವಿನ ಬುಡದ ಹಸಿರು ಬಟ್ಟಲು ಒಂದೇ ಸುತ್ತಿನ ಪಟ್ಟಿಗಳು ಅಂಟಿಕೊಂಡ ನೀಳ ಕೊಳವೆ. ಸಹದೇವಿಯದು ನಾಲ್ಕೈದು ಮಿಲಿಮೀಟರ್‌ನ ಪುಟ್ಟ ಬಟ್ಟಲು. ಅದರ ಸೂಜಿಮೊನೆಯ ಹಸಿರು ಎಸಳುಗಳು ಹಲವು ಸುತ್ತಾಗಿ ಒಂದರ ಮೇಲೊಂದು ಕೂತಿರುತ್ತವೆ. ಒಳಗೆ ಇಪ್ಪತ್ತರ ಆಸುಪಾಸು ಸಣ್ಣ ಕೊಳವೆ ಹೂಗಳು, ಪ್ರತಿಯೊಂದಕ್ಕೂ ಐದು ಸೀಳು. ಒಣಗಿದ ಹೂವೂ ಸಾಕ್ಷಿ ಹೇಳುತ್ತದೆ: ಸಹದೇವಿಯ ಬಟ್ಟಲಿನ ಎಸಳು ಹಿಂದಕ್ಕೆ ಮಡಚಿ ಬಿಳಿ ತುಪ್ಪಳ ಅರಳಿ, ಬೀಜ ಗಾಳಿಗೆ ಹಾರುತ್ತದೆ. ಎಮಿಲಿಯಾಕ್ಕೂ ತುಪ್ಪಳವಿದೆ, ಅಜೆರಾಟಮ್‌ಗೆ ಇಲ್ಲ.

ಎತ್ತರ ನಂಬಬೇಡಿ. ಒಣನೆಲದಲ್ಲಿ, ತುಳಿದ ಜಾಗದಲ್ಲಿ ಗೇಣುದ್ದಕ್ಕೇ ಹೂ ಬಿಡುವ ಸಹದೇವಿ, ನೀರು ಸಿಕ್ಕ ಕಡೆ ಎರಡಡಿ ದಾಟುತ್ತದೆ.

ಪುಸ್ತಕದಲ್ಲಿ ಹುಡುಕುವವರಿಗೆ: ವೆರ್ನೋನಿಯಾ ಸಿನೇರಿಯಾ ಹಳೆಯ ಹೆಸರು, ಸಯಾಂಥಿಲಿಯಂ ಸಿನೇರಿಯಂ ಈಗಿನದು, ಗಿಡ ಒಂದೇ. ಸಿನೇರಿಯಾ ಎಂದರೆ ಬೂದಿ ಬಣ್ಣದ್ದು, ಗಿಡದ ಮೇಲಿನ ನವಿರು ರೋಮದಿಂದ ಬಂದ ಹೆಸರು.

ಯಾರಿಗಾದರೂ ತೋರಿಸಿ ಕೇಳುವುದಾದರೆ ಹೂವಿನದೊಂದೇ ಫೋಟೊ ಸಾಲದು. ಇಡೀ ಗಿಡ, ನಡುಕಾಂಡದ ಎರಡು ಗೆಣ್ಣು, ಪಕ್ಕದಿಂದ ಹೂವು, ಮೂರೂ ಬೇಕು. ಕಷಾಯಕ್ಕೆಂದು ಕೀಳುವವರಂತೂ ಇದನ್ನು ತಪ್ಪಿಸಬಾರದು: ಅಜೆರಾಟಮ್, ಎಮಿಲಿಯಾ ಎರಡರಲ್ಲೂ ಯಕೃತ್ತಿಗೆ ಹಾನಿ ಮಾಡುವ ಪೈರೊಲಿಜಿಡಿನ್ ಆಲ್ಕಲಾಯ್ಡ್‌ಗಳಿವೆ. ಚರಂಡಿ ಪಕ್ಕದ್ದು, ಕಳೆನಾಶಕ ಹೊಡೆದ ಬದುವಿನದು ಸಹದೇವಿಯೇ ಆದರೂ ಬೇಡ.