ಚಂದ್ರನಿಗೆ ನೌಕೆ ಅಪ್ಪಳಿಸುವುದನ್ನು ನೋಡಬೇಕೇ? ತಯಾರಿ ಹೀಗಿರಲಿ

2009ರ ಅಕ್ಟೋಬರ್ 9ರಂದು ಚಂದ್ರನಲ್ಲಿ ನೀರು ಹುಡುಕುತ್ತಿದ್ದ ನಾಸಾದ ಎಲ್‌ಕ್ರಾಸ್ ಯೋಜನೆಯ ಖಾಲಿ ರಾಕೆಟ್ ಹಂತವೊಂದು, ಸುಮಾರು 2.3 ಟನ್ ತೂಕದ್ದು, ಸೆಕೆಂಡಿಗೆ 2.5 ಕಿ.ಮೀ. ವೇಗದಲ್ಲಿ ಚಂದ್ರನ ದಕ್ಷಿಣ ಧ್ರುವದ ಬಳಿಯ ಕೇಬಿಯಸ್ ಕುಳಿಗೆ ಬಿತ್ತು. ಹತ್ತು ಹನ್ನೆರಡು ಇಂಚಿನ (ಮಸೂರ ಅಥವಾ ಕನ್ನಡಿಯ ಅಗಲ) ಟೆಲಿಸ್ಕೋಪ್ ಇದ್ದವರಿಗೆ ಧೂಳು ಮೇಲೇಳುವುದು ಕಾಣಬಹುದು ಎಂದು ಮೊದಲೇ ಹೇಳಲಾಗಿತ್ತು. ಹವ್ಯಾಸಿಗಳು ನಿದ್ದೆಗೆಟ್ಟು ಕಾದರು. ಕಂಡದ್ದು ಎಂದಿನ ಚಂದ್ರ, ಅಷ್ಟೇ. ಕ್ಯಾಲಿಫೋರ್ನಿಯಾದ ಪಾಲೊಮಾರ್‌ನ 200 ಇಂಚಿನ ದೂರದರ್ಶಕದಲ್ಲೂ ಏನೂ ಕಾಣಲಿಲ್ಲ.

ಹಾಗೆಂದು ಧೂಳು ಎದ್ದಿರಲಿಲ್ಲ ಎಂದಲ್ಲ. ಹಿಂದೆಯೇ ಬರುತ್ತಿದ್ದ ಎಲ್‌ಕ್ರಾಸ್ ನೌಕೆ ಆ ಧೂಳಿನಲ್ಲಿ ನೀರಿನ ಗುರುತು ಪತ್ತೆ ಮಾಡಿ, ಸುಮಾರು ನಾಲ್ಕು ನಿಮಿಷದ ನಂತರ ತಾನೂ ಅಲ್ಲೇ ಬಿತ್ತು. ನ್ಯೂ ಮೆಕ್ಸಿಕೊದ ಅಪಾಚೆ ಪಾಯಿಂಟ್ ವೀಕ್ಷಣಾಲಯ ಆ ಹೊತ್ತಿನಲ್ಲಿ ತೆಗೆದಿದ್ದ ಚಿತ್ರಗಳಲ್ಲೂ ಧೂಳು ಅಡಗಿತ್ತು. ಲೆಕ್ಕಾಚಾರದಿಂದ ಸೋಸಿ ಅದನ್ನು ಹೊರತೆಗೆದ ವರದಿ ಬಂದದ್ದು 2013ರಲ್ಲಿ. ಇಂಥ ಘಟನೆಯನ್ನು ಬೇಟೆಯಾಡುವವರು ಕಣ್ಣಿಗಿಂತ ಕ್ಯಾಮೆರಾವನ್ನು ನಂಬಬೇಕು, ಕ್ಯಾಮೆರಾಕ್ಕಿಂತ ಮೊದಲು ಬೀಳುವ ಜಾಗವನ್ನು ವಿಚಾರಿಸಬೇಕು.

ಬೀಳುವುದು ಎಲ್ಲಿ, ಯಾವಾಗ?

ಸುದ್ದಿ ಬಂದ ಕೂಡಲೇ ಲೆನ್ಸ್ ಒರೆಸಲು ಕೂರಬೇಡಿ. ನಮಗೆ ಕಾಣುವ ಮುಖದಲ್ಲೇ ಬೀಳುತ್ತದೆಯೇ ಎಂದು ಮೊದಲು ನೋಡಿ. 2022ರ ಮಾರ್ಚ್ 4ರಂದು ರಾಕೆಟ್ ಹಂತವೊಂದು ಬೀಳುತ್ತದೆಂದು ವಾರಗಳ ಮೊದಲೇ ಗೊತ್ತಿತ್ತು. ಆದರೆ ಅದು ಬಿದ್ದದ್ದು ಆಚೆ ಮುಖದ ಹರ್ಟ್ಸ್‌ಪ್ರುಂಗ್ ಕುಳಿಯಲ್ಲಿ, ಭೂಮಿಯ ಯಾವ ಟೆಲಿಸ್ಕೋಪಿಗೂ ಎಟುಕದ ಕಡೆ.

ಈಚೆ ಮುಖವೇ ಆದರೆ, ಬೀಳುವ ಜಾಗದಲ್ಲಿ ಆಗ ಹಗಲೋ ರಾತ್ರಿಯೋ? ಅಪ್ಪಳಿಸಿದಾಗ ಹೊಮ್ಮುವ ಮಿಂಚು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ. ಬಿಸಿಲು ಬಿದ್ದ ನೆಲದ ಮೇಲೆ ಅದನ್ನು ಹುಡುಕುವುದು ವ್ಯರ್ಥ, ಕತ್ತಲ ಭಾಗದಲ್ಲಾದರೆ ಆಸೆಯಿದೆ. ಆದ್ದರಿಂದ ಶುಕ್ಲಪಕ್ಷದ ಬಿದಿಗೆ ತದಿಗೆಯಿಂದ ಅಷ್ಟಮಿಯವರೆಗೆ, ಇಲ್ಲವೇ ಕೃಷ್ಣಪಕ್ಷದ ಅಷ್ಟಮಿ ಕಳೆದ ಮೇಲಿನ ದಿನಗಳು ಒಳ್ಳೆಯವು. ಹುಣ್ಣಿಮೆಯ ಆಸುಪಾಸಿನಲ್ಲಾದರೆ ಸುಮ್ಮನೆ ಮಲಗಬಹುದು.

ಧೂಳಿನ ಲೆಕ್ಕ ಬೇರೆ. ಅದು ನೆರಳಿನಿಂದ ಮೇಲೆದ್ದು ಬಿಸಿಲಿಗೆ ಬಂದರಷ್ಟೇ ಹೊಳೆಯುತ್ತದೆ, ಹಿನ್ನೆಲೆ ಕಪ್ಪಾಗಿದ್ದರಷ್ಟೇ ಎದ್ದು ಕಾಣುತ್ತದೆ. ಕೇಬಿಯಸ್‌ನಲ್ಲಿ ಭೂಮಿಯ ಕಡೆಗೆ ಬೆಟ್ಟದ ಸಾಲೊಂದು ಅಡ್ಡ ನಿಂತು ನೋಟಕ್ಕೆ ತಡೆಯಾಗಿತ್ತು.

ಸಮಯವನ್ನು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯದಲ್ಲಿ, ಕೊಡುತ್ತಾರೆ. ನಿಮ್ಮ ಗಡಿಯಾರಕ್ಕೆ ಹೊಂದಿಸಿ, ಆ ಹೊತ್ತಿಗೆ ಚಂದ್ರ ನಿಮ್ಮ ದಿಗಂತದಿಂದ ಸಾಕಷ್ಟು ಮೇಲಿರುತ್ತಾನೆಯೇ ನೋಡಿ. ಬೆಳಕು ಅಲ್ಲಿಂದ ಇಲ್ಲಿಗೆ ಬರಲು ಸುಮಾರು 1.3 ಸೆಕೆಂಡ್ ಹಿಡಿಯುತ್ತದೆ. ಪ್ರಕಟಿಸಿದ ಸಮಯ ಚಂದ್ರನ ಮೇಲಿನದೋ ಭೂಮಿಯಲ್ಲಿ ಕಾಣುವುದೋ ಎಂಬುದನ್ನೂ ಗಮನಿಸಿ. ಕೊನೆಯ ದಿನದವರೆಗೆ ಸುದ್ದಿಯ ಮೇಲೆ ಕಣ್ಣಿಡಿ. 2006ರಲ್ಲಿ ಯುರೋಪಿನ ಸ್ಮಾರ್ಟ್-1 ನೌಕೆ ನಿಗದಿಗಿಂತ ಒಂದು ಸುತ್ತು ಮೊದಲೇ ಕುಳಿಯೊಂದರ ಅಂಚಿಗೆ ಬಡಿಯುವ ಸಂಭವ ಕಂಡುಬಂದು, ಕೊನೇ ಗಳಿಗೆಯಲ್ಲಿ ಅದರ ಕಕ್ಷೆಯನ್ನು ತುಸು ಎತ್ತಬೇಕಾಯಿತು.

ಟೆಲಿಸ್ಕೋಪ್ ಮತ್ತು ಕ್ಯಾಮೆರಾ

ಎಂಟು ಇಂಚಿನ ಟೆಲಿಸ್ಕೋಪ್ ಇದ್ದರೆ ಶುರುಮಾಡಬಹುದು. ಹೆಚ್ಚು ವರ್ಧನೆ ಬೇಡ. ಚಂದ್ರನ ಕತ್ತಲ ಭಾಗದ ದೊಡ್ಡ ಪಾಲು ಚೌಕಟ್ಟಿನಲ್ಲಿ ಕೂರಬೇಕು, ಹೊಳೆಯುವ ಭಾಗ ಚೌಕಟ್ಟಿನ ಹೊರಗಿರಬೇಕು. ಅದರ ಪ್ರಖರತೆ ಒಳಗೆ ನುಗ್ಗಿದರೆ ಮಂದ ಮಿಂಚು ಅದರಲ್ಲೇ ಮುಳುಗಿಹೋಗುತ್ತದೆ. ಚಂದ್ರ ನಕ್ಷತ್ರಗಳ ನಡುವೆ ಗಂಟೆಗೆ ಹತ್ತಿರಹತ್ತಿರ ತನ್ನಷ್ಟೇ ಅಗಲ ಜರಗುವುದರಿಂದ, ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಮೌಂಟ್‌ನ ವೇಗವನ್ನು ನಕ್ಷತ್ರಕ್ಕಲ್ಲ, ಚಂದ್ರನಿಗೆ ಹೊಂದಿಸಿ.

ಕ್ಯಾಮೆರಾ ಕಪ್ಪು-ಬಿಳುಪಿನದಾದರೆ ಉತ್ತಮ. ಸೆಕೆಂಡಿಗೆ 25ರಿಂದ 30 ಫ್ರೇಮ್ ಸಾಕು. ಅಪ್ಪಳಿಕೆಯ ಮಿಂಚು ಕೆಂಪು ಮತ್ತು ಅವಕೆಂಪು (ಇನ್‌ಫ್ರಾರೆಡ್) ಬೆಳಕಿನಲ್ಲೇ ಹೆಚ್ಚು ಪ್ರಖರ, ಹಾಗಾಗಿ ಅವಕೆಂಪನ್ನು ತಡೆಯುವ ಫಿಲ್ಟರ್ ಇದ್ದರೆ ಬಿಚ್ಚಿಡಿ. ಸ್ಮಾರ್ಟ್-1 ಬಿದ್ದಾಗಿನ ಮಿಂಚನ್ನು ಹವಾಯಿಯ ಮೌನಾ ಕಿಯಾ ಪರ್ವತದ ಮೇಲಿನ ದೂರದರ್ಶಕ ಹಿಡಿದದ್ದು ಅವಕೆಂಪಿನಲ್ಲೇ.

ಗೇನ್ (ಕ್ಯಾಮೆರಾ ಬೆಳಕನ್ನು ಹಿಗ್ಗಿಸಿ ತೋರಿಸುವ ಪ್ರಮಾಣ) ಎಷ್ಟಿರಬೇಕು? ಭೂಬೆಳಕಿನಲ್ಲಿ, ಅಂದರೆ ಭೂಮಿಯಿಂದ ಪ್ರತಿಫಲಿಸಿದ ಬೆಳಕಿನಲ್ಲಿ, ಮಸುಕಾಗಿ ಕಾಣುವ ಕತ್ತಲ ಭಾಗದಲ್ಲಿ ಸಮುದ್ರಗಳೆನ್ನುವ ಕಪ್ಪು ಬಯಲುಗಳ ಅಂಚು ತಿಳಿಯುವಷ್ಟು. ಆ ಗುರುತುಗಳಿಲ್ಲದಿದ್ದರೆ ಮಿಂಚು ಸಿಕ್ಕರೂ ಎಲ್ಲಿ ಸಿಕ್ಕಿತೆಂದು ಹೇಳಲಾಗದು. ಫೋಕಸ್ ಅನ್ನು ಚಂದ್ರನ ಹತ್ತಿರ ಕಾಣುವ ನಕ್ಷತ್ರದ ಮೇಲೆ ಮಾಡಿ. ಸಮಯವನ್ನು ಜಿಪಿಎಸ್‌ನಿಂದ ಪ್ರತಿ ಫ್ರೇಮಿನ ಮೇಲೂ ಮುದ್ರಿಸುವ ಸಾಧನ ಸಿಕ್ಕರೆ ಅದೇ ಸರಿ. ಇಲ್ಲವಾದರೆ ಕಂಪ್ಯೂಟರ್ ಗಡಿಯಾರವನ್ನು ಇಂಟರ್ನೆಟ್ ಸಮಯಕ್ಕೆ ಹೊಂದಿಸಿಕೊಳ್ಳಿ. ವಿಡಿಯೊವನ್ನು ಕುಗ್ಗಿಸದೆ ಉಳಿಸಿ. ಅದು ಡಿಸ್ಕ್ ನುಂಗುತ್ತದೆ, ಜಾಗ ಮೊದಲೇ ಖಾಲಿ ಮಾಡಿಟ್ಟುಕೊಳ್ಳಿ.

ಒಂದು ತಾಲೀಮು

ಇದನ್ನು ಬಿಡುವವರೇ ಹೆಚ್ಚು. ಹಿಂದಿನ ತಿಂಗಳ ಅದೇ ತಿಥಿಯಂದು ಚಂದ್ರನ ಆಕಾರ ಹೆಚ್ಚುಕಡಿಮೆ ಅದೇ ಇರುತ್ತದೆ, ಅಂದೇ ಎಲ್ಲವನ್ನೂ ಜೋಡಿಸಿ ನೋಡಿ. ಚಂದ್ರನ ಕತ್ತಲ ಅಂಚಿನ ಹಿಂದೆ ನಕ್ಷತ್ರವೊಂದು ಮರೆಯಾಗುವುದಿದ್ದರೆ ಬಿಡಬೇಡಿ. ಅದು ಸ್ವಿಚ್ ಆರಿಸಿದಂತೆ ಥಟ್ಟನೆ ಮಾಯವಾಗುತ್ತದೆ. ಮರೆಯಾದ ಕ್ಷಣ ನಿಮ್ಮ ಫ್ರೇಮಿನಲ್ಲಿ ಯಾವ ಸಮಯ ತೋರಿಸುತ್ತದೆ, ಎಷ್ಟು ಮಂದ ನಕ್ಷತ್ರದವರೆಗೆ ನಿಮ್ಮ ಕ್ಯಾಮೆರಾ ಹಿಡಿಯುತ್ತದೆ, ಎರಡೂ ಒಂದೇ ಏಟಿಗೆ ತಿಳಿಯುತ್ತವೆ.

ಆ ರಾತ್ರಿ

ನಿಗದಿತ ಸಮಯಕ್ಕೆ ಕಾಲು ಗಂಟೆ ಮೊದಲೇ ರೆಕಾರ್ಡಿಂಗ್ ಶುರುಮಾಡಿ, ಮುಗಿದ ಮೇಲೂ ಕಾಲು ಗಂಟೆ ನಿಲ್ಲಿಸಬೇಡಿ. ಮಧ್ಯೆ ಸೆಟ್ಟಿಂಗ್ ತಿದ್ದುವ ಚಪಲ ಬೇಡ. ತೆಳು ಮೋಡ ಹಾದುಹೋದರೆ ಸಮಯ ಬರೆದಿಟ್ಟುಕೊಳ್ಳಿ. ಐಪೀಸ್‌ನಲ್ಲಿ ನೋಡಲೇಬೇಕೆನಿಸಿದರೆ ಇನ್ನೊಂದು ಟೆಲಿಸ್ಕೋಪ್ ಇಟ್ಟುಕೊಳ್ಳಿ.

ಸಿಕ್ಕಿದ ಚುಕ್ಕೆ ಮಿಂಚೇ?

ಫ್ರೇಮ್ ಫ್ರೇಮ್ ತೆಗೆದು ನೋಡಿ. ಒಂದೇ ಫ್ರೇಮಿನಲ್ಲಿ, ಒಂದೆರಡು ಪಿಕ್ಸೆಲ್‌ನಲ್ಲಿ ಚೂಪಾಗಿ ಹೊಳೆದರೆ ಅದು ಸೆನ್ಸರಿಗೆ ಬಡಿದ ವಿಶ್ವಕಿರಣ (ಬಾಹ್ಯಾಕಾಶದಿಂದ ಬರುವ ಕಣ) ಆಗಿರುವುದೇ ಹೆಚ್ಚು. ನಿಜವಾದ ಮಿಂಚು ಅದೇ ಚೌಕಟ್ಟಿನ ನಕ್ಷತ್ರದಂತೆ ತುಸು ಹರಡಿಕೊಂಡಿರುತ್ತದೆ. ಚುಕ್ಕೆ ಜರುಗಿದರೆ ಉಪಗ್ರಹ. ಎಲ್ಲಕ್ಕಿಂತ ಗಟ್ಟಿ ಸಾಕ್ಷಿಯೆಂದರೆ, ದೂರದ ಇನ್ನೊಂದು ಊರಿನ ವೀಕ್ಷಕರ ವಿಡಿಯೊದಲ್ಲೂ ಅದೇ ಕ್ಷಣ, ಚಂದ್ರನ ಅದೇ ಜಾಗದಲ್ಲಿ ಅದು ಇರುವುದು. ಆದ್ದರಿಂದ ಜೊತೆಗಾರರನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಮರುದಿನ ಹೊಸ ಕುಳಿ ಹುಡುಕಲು ಹೊರಡಬೇಡಿ. ಎಂಟು ಇಂಚಿನಲ್ಲಿ ಕಾಣುವ ಅತಿ ಸಣ್ಣ ಕುಳಿಯೇ ಒಂದೆರಡು ಕಿ.ಮೀ. ಅಗಲದ್ದು. ಎಲ್‌ಕ್ರಾಸ್ ತೋಡಿದ್ದು ಹತ್ತಾರು ಮೀಟರ್, ಅಷ್ಟೇ.

ಏನೂ ಸಿಗದಿದ್ದರೂ ವರದಿ ಕಳಿಸಿ. ‘ಕಾಣಲಿಲ್ಲ’ ಎಂದಷ್ಟೇ ಬರೆದರೆ ಯಾರಿಗೂ ಉಪಯೋಗವಿಲ್ಲ. ಟೆಲಿಸ್ಕೋಪಿನ ಅಳತೆ, ಕ್ಯಾಮೆರಾ, ಫ್ರೇಮಿನ ವೇಗ, ಫಿಲ್ಟರ್, ನೀವು ನಿಂತ ಜಾಗದ ಅಕ್ಷಾಂಶ ರೇಖಾಂಶ, ರೆಕಾರ್ಡಿಂಗ್ ಆರಂಭಿಸಿ ಮುಗಿಸಿದ ಸಮಯ, ಅಂದು ಹಿಡಿದ ಅತಿ ಮಂದ ನಕ್ಷತ್ರದ ಕಾಂತಿಮಾನ (ಹೊಳಪಿನ ಅಳತೆ) ಇಷ್ಟನ್ನೂ ಸೇರಿಸಿ. ಮಿಂಚು ಇದ್ದಿದ್ದರೆ ಇದಕ್ಕಿಂತ ಮಂದವಾಗಿರಲೇಬೇಕು ಎಂಬ ಲೆಕ್ಕವನ್ನು ಅದರಿಂದ ಹಾಕುತ್ತಾರೆ. ಮೂಲ ವಿಡಿಯೊವನ್ನು ಅಳಿಸಬೇಡಿ.